ಅಲೆಯಡಿಗೆ ತೂರುವ ಹಲಗೆ

ಗುತ್ತಿಗಾರಿನ ಅಂಗನವಾಡಿ ಟೀಚರ್ ಕಮಲಾವತಿಗೆ ಐವತ್ತು ಹತ್ತಿರವಾಗುವ ಹೊತ್ತಿಗೆ ಒಂದು ಹುಚ್ಚು ಹಿಡಿಯಿತು, ಕೇಳಿ. ಸ್ತ್ರೀಶಕ್ತಿ ಸಂಘದವರು ಸಸಿಹಿತ್ಲಿನ ಕಡಲತೀರಕ್ಕೆ ಪ್ರವಾಸ ಹೋಗಿದ್ದರು. ಉಳಿದವರು ಸೀರೆ ಎತ್ತಿ ಕಾಲು ಒದ್ದೆ ಮಾಡಿಕೊಂಡು ಚರುಮುರಿ ತಿನ್ನುತ್ತಿದ್ದರೆ, ಇವಳ ಕಣ್ಣೆಲ್ಲ, ಅಲೆಯಾಟದ ಉದ್ದನೆಯ ಹಲಗೆಯ ಮೇಲೆ ಬೋರಲು ಮಲಗಿ, ಕೈಯಲ್ಲೇ ನೀರೆಳೆದು ಅಲೆ ದಾಟುತ್ತಿದ್ದವರ ಮೇಲೆ. ಅಲೆ ಒಡೆಯುವ ಜಾಗದಿಂದ ಆಚೆ ಕಡಲು ಸುಮ್ಮನೆ ಮಲಗಿತ್ತು. ದಾಟಿದವರು ಅಲ್ಲಿ ಹಲಗೆಯ ಮೇಲೆ ಕಾಲು ಇಳಿಬಿಟ್ಟು ಆರಾಮವಾಗಿ ಕೂತಿದ್ದರು. ತಾನೂ ಒಮ್ಮೆ ಅಲ್ಲಿ ಹೋಗಿ ಕೂರಬೇಕು. ಅಷ್ಟೇ ಆಸೆ.

ಗಂಡ ಅಚ್ಚುತ ಹೊಟ್ಟೆ ಹಿಡಿದು ನಕ್ಕ. ಆದರೆ ಬೇಡ ಎನ್ನಲಿಲ್ಲ. ರಜೆ ಸಿಕ್ಕಾಗಲೆಲ್ಲ ಇಬ್ಬರೂ ನೆಟ್ಟಣದಲ್ಲಿ ರೈಲು ಹತ್ತಿ ಸಸಿಹಿತ್ಲಿಗೆ ಹೋಗುವುದು ಅಭ್ಯಾಸವಾಯಿತು. ಅಲ್ಲಿ ಈ ಅಲೆಯಾಟ, ಅಂದರೆ ಸರ್ಫಿಂಗ್ ಕಲಿಸುವ ಶಿಹಾಬ್ ತಾಳ್ಮೆಯ ಮನುಷ್ಯ. ಅವನು ಕೊಟ್ಟ ಕಲಿಕೆಯ ಬೋರ್ಡಿನಲ್ಲಿ ದಡದ ನೊರೆಯೊಳಗೇ ಇಷ್ಟು ದಿನದ ಆಟ ಮುಗಿದಿತ್ತು. ಅಷ್ಟರಲ್ಲಿ ಮೇ ತಿಂಗಳ ಕೊನೆಯೂ ಬಂತು. ಮಳೆ ಹಿಡಿದರೆ ಕಡಲಿಗೆ ಇಳಿಯಲು ಬಿಡುವುದಿಲ್ಲ. ಆ ಭಾನುವಾರ ಅಲೆ ದಾಟಿದರೆ ದಾಟಿದ ಹಾಗೆ, ಇಲ್ಲವಾದರೆ ಇಡೀ ಮಳೆಗಾಲ ಕಾಯಬೇಕು.

"ಇವತ್ತು ಬೋರ್ಡ್ ನೀವೇ ಆರಿಸಿ ಅಕ್ಕ" ಎಂದ ಶಿಹಾಬ್.

ಕಮಲಾವತಿಯ ಊರಿನಲ್ಲಿ ಹೊಳೆ ತುಂಬಿದಾಗ ಬಾಳೆದಿಂಡಿನ ತೆಪ್ಪ ಕಟ್ಟಿ ದಾಟುವುದುಂಟು. ದಿಂಡು ದಪ್ಪವಿದ್ದಷ್ಟೂ ಧೈರ್ಯ. ಆ ಲೆಕ್ಕದಲ್ಲೇ ಒಂದೊಂದು ಬೋರ್ಡಿಗೂ ಬೆರಳ ಗೆಣ್ಣಿನಿಂದ ಕುಟ್ಟಿ, ಎತ್ತಿ ನೋಡಿ, ಎಲ್ಲಕ್ಕಿಂತ ದಪ್ಪದ್ದನ್ನು ಹಿಡಿದುಕೊಂಡಳು.

"ದೊಡ್ಡದಾಯ್ತಲ್ಲ ಅಕ್ಕ?"

"ಮುಳುಗುದಿಲ್ಲ ಮಾರಾಯ, ಅದೇ ಬೇಕಾದ್ದು."

ನಿಜವೇ, ಅದು ಮುಳುಗಲಿಲ್ಲ. ಅಲೆ ಎದುರು ಬಂದದ್ದೇ ಬೆದರಿದ ಕರುವಿನ ಹಾಗೆ ಮೂತಿ ಎತ್ತಿ, ಕಮಲಾವತಿಯನ್ನು ಕೆಡವಿ, ಎಳೆದು ತಂದು ಮರಳಿಗೆ ಹಾಕಿತು. ಎದ್ದು ಹೋದಳು, ಮತ್ತೆ ಬಂದು ಬಿದ್ದಳು.

"ಎಂತ ಟೀಚರೆ, ಹೋದ ಬಸ್ಸಲ್ಲೇ ವಾಪಸ್ಸಾ?" ಅಚ್ಚುತ ದಡದಿಂದ ಕೂಗಿದ.

"ನೀವು ಕೊಡೆ ಹಿಡ್ಕೊಂಡು ಸುಮ್ಮನೆ ಕೂತ್ಕೊಳ್ಳಿ!"

ಉಪ್ಪುನೀರು ಉಗುಳಿ ಶಿಹಾಬನ ಮುಖ ನೋಡಿದಳು. ಅವನು ಹೇಳಿದ, "ಅಲೆ ಮೇಲೆ ಬೀಳುವಾಗ ನೀವು ಬೋರ್ಡ್ ಸಮೇತ ಅದರ ಅಡಿಯಿಂದ ಹೋಗ್ಬೇಕು ಅಕ್ಕ. ಇಷ್ಟು ದಪ್ಪದ್ದನ್ನು ಅಡಿಗೆ ಒತ್ಲಿಕ್ಕೆ ನಿಮ್ಮಿಂದ ಆಗುದಿಲ್ಲ."

"ಮೊದಲೇ ಹೇಳ್ಲಿಕ್ಕೆ ನಿನಗೆ ಎಂತ ಆಗಿತ್ತು?"

"ಹೇಳಿದ್ರೆ ಕೇಳ್ತಿದ್ರಾ?"

"ಮದುವೆಯಾದಾಗಿಂದ ನನ್ನ ಮಾತೇ ಕೇಳ್ಲಿಲ್ಲ, ಇನ್ನು ನಿನ್ನದು ಕೇಳ್ತಾಳಾ!" ಎಂದ ಅಚ್ಚುತ.

ಮೂವರೂ ನಕ್ಕರು. ಆಮೇಲೆ ಕಮಲಾವತಿ ಬೋರ್ಡುಗಳನ್ನು ಒಂದೊಂದಾಗಿ ಸೊಂಟಮಟ್ಟದ ನೀರಿಗೆ ಒಯ್ದು, ಮಲಗಿ, ಎರಡೂ ಕೈ ಊರಿ ಮೂತಿ ಒತ್ತಿ ನೋಡತೊಡಗಿದಳು. ತೆಳ್ಳಗಿನದು ಸುಲಭವಾಗಿ ಅಡಿಗೆ ಹೋಯಿತು. ಆದರೆ ಅದರ ಮೇಲೆ ಮಲಗಿದರೆ ಎದೆಯೇ ನೀರಲ್ಲಿ, ಎಷ್ಟು ಕೈ ಬೀಸಿದರೂ ಮುಂದೆ ಹೋಗದು. ನಡುವಿನದು ಒಂದಿತ್ತು, ಅಂಚು ಸವೆದ ಹಳದಿ ಬಣ್ಣದ್ದು. ಅದು ಇವಳನ್ನು ಹೊತ್ತುಕೊಂಡಿತು. ಮೈಭಾರವೆಲ್ಲ ಹಾಕಿ ಒತ್ತಿದಾಗ ಗೊಣಗಿಕೊಂಡಾದರೂ ಮೂತಿ ತಗ್ಗಿಸಿತು.

"ಇದಾಗ್ತದೆ" ಎಂದಳು.

ಮೊದಲ ಅಲೆ ಗೋಡೆಯಂತೆ ಎದ್ದು ಬಂತು. ಉಸಿರು ಕಟ್ಟಿ, ಮೂತಿ ಒತ್ತಿ, ಮೊಣಕಾಲಿನಿಂದ ಹಿಂಬದಿಯನ್ನೂ ಅದುಮಿದಳು. ತಲೆಯ ಮೇಲೆ ಗುಡುಗು ಉರುಳಿದ ಹಾಗಾಯಿತು. ಕಣ್ಣು ಬಿಟ್ಟರೆ ಬಿಸಿಲು. ಅಲೆ ಹಿಂದೆ ಹೋಗಿತ್ತು! ಮತ್ತೊಂದು ಬಂತು, ಅದರ ಅಡಿಯಿಂದಲೂ ತೂರಿದಳು. ತೋಳುಗಳು ಉರಿಯುತ್ತಿದ್ದವು, ಆದರೂ ನಿಲ್ಲಿಸಲಿಲ್ಲ. ಕಡೆಗೊಂದು ಅಲೆ ಒಡೆಯದೆ ಅವಳನ್ನು ಮೆಲ್ಲಗೆ ಎತ್ತಿ ಇಳಿಸಿ ಹೋಯಿತು. ಆಚೆ ಸದ್ದಿಲ್ಲ.

ಕಮಲಾವತಿ ಎದ್ದು ಕಾಲು ಇಳಿಬಿಟ್ಟು ಕೂತಳು. ಶಿಹಾಬ್ ಪಕ್ಕಕ್ಕೆ ಬಂದ.

"ಅಲೆ ಹಿಡಿದು ಬೋರ್ಡ್ ಮೇಲೆ ನಿಂತ್ಕೊಂಡು ದಡಕ್ಕೆ ಹೋಗುವಾ ಅಕ್ಕ?"

"ಈಗ ಬಂದು ಕೂತದ್ದಷ್ಟೆ, ಎಬ್ಬಿಸ್ಬೇಡ ಮಾರಾಯ. ಅದಿರ್ಲಿ, ನಿನ್ನ ಮನೆಯಲ್ಲಿ ಎಲ್ಲರೂ ಸೌಖ್ಯ ಉಂಟಾ?"