ಗದ್ದದಿಂದ ಮೊಣಕಾಲಿನವರೆಗೆ

ನಮ್ಮ ನುಣ್ಣಣ್ಣ ಆಸ್ಪತ್ರೆಯ ಕ್ಷೌರಿಕ. ಆಪರೇಷನ್ನಿಗೆ ಹೋಗುವವರ ಮೈಕೂದಲು ತೆಗೆಯುವುದು ಅವನ ಕೆಲಸ. ಮುಗಿಸಿದ ಮೇಲೆ ಅಂಗೈಯಿಂದ ಸವರಿ, “ನುಣ್ಣಗಾಯ್ತು, ಹೊರಡಿ” ಎನ್ನುತ್ತಿದ್ದುದರಿಂದ ಆ ಹೆಸರು. ಮೂವತ್ತು ವರ್ಷದಲ್ಲಿ ಅವನು ತೆಗೆದ ಕೂದಲನ್ನು ಗುಡ್ಡೆ ಹಾಕಿದ್ದರೆ ಆಸ್ಪತ್ರೆಯೇ ಕಣ್ಣಿಗೆ ಬೀಳುತ್ತಿರಲಿಲ್ಲ. ಒಬ್ಬ ಲಾರಿ ಡ್ರೈವರನ ಎದೆಗೂದಲೊಳಗೆ ಹೊಕ್ಕ ಕ್ಷೌರದ ಮಷೀನು ಎರಡು ದಿನ ಸಿಕ್ಕಿರಲಿಲ್ಲವಂತೆ.

ಯಾರಿಗೆ ಎಷ್ಟು ತೆಗೆಯಬೇಕೆಂದು ಮೊದಲೇ ಚೀಟಿ ಬರುತ್ತದೆ. ರೋಗ ಓದಲು ಡಾಕ್ಟರು ಬೇಕು, ಚೀಟಿ ಓದಲು ನುಣ್ಣಣ್ಣ ಸಾಕು. ಅಂಗೈಯಗಲ ಎಂದಿದ್ದರೆ ಸಣ್ಣ ಕೆಲಸ. ಗದ್ದದಿಂದ ಮೊಣಕಾಲಿನವರೆಗೆ ಎಂದಿದ್ದರೆ ಎದೆಯನ್ನೇ ತೆರೆಯಬೇಕಾದೀತು, ಸಿದ್ಧವಾಗಿರಿ ಎಂದರ್ಥ.

ಹನ್ನೊಂದು ವರ್ಷದ ಹಿಂದೆ ಅವನ ಹೃದಯ ಕುಂಟತೊಡಗಿದಾಗ ಎಡಭುಜದ ಕೆಳಗೆ ಪೇಸ್‌ಮೇಕರಿನ ಪುಟ್ಟ ಪೆಟ್ಟಿಗೆಯಿಟ್ಟು, ಅದರಿಂದ ಎರಡು ತಂತಿ ಹೃದಯಕ್ಕೆ ಇಳಿಬಿಟ್ಟಿದ್ದರು. ಈಗ ಅಲ್ಲಿ ಕೀವು. ತಂತಿ ತೆಗೆಯದೆ ವಿಧಿಯಿಲ್ಲ, ಆದರೆ ಅವು ರಕ್ತನಾಳಕ್ಕೆ ಅಂಟಿಕೊಂಡುಬಿಟ್ಟಿವೆ. ಎಳೆಯುವಾಗ ನಾಳ ಹರಿದರೆ ಕತೆ ಮುಗಿಯಿತು. ಇದನ್ನು ಹೆಂಡತಿಗೆ ಹೇಳದೆ, “ಮೂಲಂಗಿ ಕಿತ್ತ ಹಾಗೆ ಕೀಳ್ತಾರಂತೆ ಕಣೆ” ಎಂದಿದ್ದ.

ಆಪರೇಷನ್ನಿನ ದಿನ ಬೆಳಿಗ್ಗೆ ಅವನ ಚೀಟಿ ಬಂತು. ಗದ್ದದಿಂದ ಮೊಣಕಾಲಿನವರೆಗೆ. ಬೇರೆಯವರನ್ನು ಕಳಿಸುತ್ತೇನೆಂದ ನರ್ಸಮ್ಮನಿಗೆ, “ನನ್ನ ಬೆಳೆ ನಾನೇ ಕೊಯ್ಕೋತೀನಿ ಬಿಡಿ” ಎಂದು ಪರದೆ ಎಳೆದುಕೊಂಡ. ಎದೆ, ಹೊಟ್ಟೆ, ಬಲತೊಡೆ ಆಯಿತು. ಎಡತೊಡೆಗೆ ತಿರುಗುವಷ್ಟರಲ್ಲಿ ಪರದೆ ಸರಿಸಿ ಹೆಂಡತಿ ಒಳಗೆ ಬಂದಳು. ಅವನು ಗಡಿಬಿಡಿಯಿಂದ ಹೊದ್ದುಕೊಂಡ.

“ಎಷ್ಟು ತೆಗೀಬೇಕಂತೆ?”

“ಅಂಗೈಯಗಲ.”

ಅವಳು ಹೊದಿಕೆ ಎತ್ತಿ ನೋಡಿದಳು. “ಇಷ್ಟು ದೊಡ್ಡ ಅಂಗೈ ಯಾರದ್ದು?”

“ಮಷೀನು ಸ್ವಲ್ಪ ಜಾರ್ತು.”

“ಮೊಣಕಾಲಿನ ತನಕ ಜಾರ್ತಾ? ಊಟಕ್ಕೆ ಕೂತಾಗೆಲ್ಲ, ಇವತ್ತು ಮೊಣಕಾಲಿನೋರು ಇಬ್ರು, ಒಬ್ಬ ವಾಪಸ್ ಬರ್ಲಿಲ್ಲ ಅಂತ ಹೇಳ್ತಿದ್ದದ್ದು ಯಾರ ಹತ್ರ? ಗೋಡೆ ಹತ್ರಾನಾ?”

ಅವನು ಹೊದಿಕೆಯನ್ನು ಪೂರ್ತಿ ಸರಿಸಿದ. ಅವಳು ಅವನ ಕೈಯಿಂದ ಮಷೀನು ತೆಗೆದುಕೊಂಡು ಎಡತೊಡೆಗೆ ಹಚ್ಚಿದಳು.

ಸ್ಟ್ರೆಚರ್ ಬಂದು ಹೊರಗೆ ನಿಂತಿತು. ನರ್ಸಮ್ಮ ಕೇಳಿದಳು, “ಆಯ್ತಾ ಅಮ್ಮಾ?”

“ಇನ್ನೂ ಸ್ವಲ್ಪ ಇದೆ.”

ಅಲ್ಲಿ ಒಂದು ಕೂದಲೂ ಉಳಿದಿರಲಿಲ್ಲ. ಮಷೀನು ಮಾತ್ರ ಓಡುತ್ತಲೇ ಇತ್ತು.