ನಮ್ಮ ವಂಶದ ನಿದ್ದೆ

ಪ್ರಬಂಧ ಬರೆಯುವವರು ತಮ್ಮ ಬಗ್ಗೆ ಒಂದೂ ಒಳ್ಳೆಯ ಮಾತು ಬರೆಯುವುದಿಲ್ಲ, ಗಮನಿಸಿದ್ದೀರಾ? ಒಬ್ಬರು ಹೆಂಡತಿಗೆ ಹೆದರುತ್ತಾರೆ, ಇನ್ನೊಬ್ಬರು ಕೊಡೆ ಕಳೆಯುತ್ತಾರೆ. ಕುಂದಗೋಳದ ನನ್ನ ಗೆಳೆಯರು ತಮ್ಮ ಬೋಳುತಲೆಯನ್ನು ಕುರಿತು ಬರೆದರು. ಅವರನ್ನು ಕಾಣಲು ಬಂದ ಓದುಗರೊಬ್ಬರು ಆ ತಲೆಯ ತುಂಬ ಕಪ್ಪು ಕೂದಲು ನೋಡಿ, ಮೋಸಹೋದವರಂತೆ ತಿರುಗಿ ಹೋದರು. ಹಿಂದಿನ ಕವಿಗಳು ಅರಸನನ್ನು ಹೊಗಳಿ ಬದುಕಿಕೊಂಡರು. ನಮಗೆ ಅರಸರಿಲ್ಲ, ನಮ್ಮನ್ನೇ ತೆಗಳಿಕೊಂಡು ವಾರಪತ್ರಿಕೆಯ ಪುಟ ತುಂಬಿಸುತ್ತೇವೆ. ಇದರಿಂದ ಯಾರಿಗೂ ಕೇಡಿಲ್ಲ ಎಂದೇ ನಂಬಿದ್ದೆ, ಮಗಳಿಗೆ ಗಂಡು ನೋಡುವವರೆಗೆ.

ಎಂಬತ್ತರ ದಶಕದ ಮಾತು. ನಾನು ನವಲಗುಂದದ ಹೈಸ್ಕೂಲಿನಲ್ಲಿ ಕನ್ನಡ ಮಾಸ್ತರ. ಒಂದು ಬೇಸಿಗೆಯಲ್ಲಿ ನನ್ನ ನಿದ್ದೆಯ ಮೇಲೊಂದು ಪ್ರಬಂಧ ಹೆಸರು, ಊರು ಸಮೇತ ಅಚ್ಚಾಗಿತ್ತು. ಪಾಠ ಮಾಡುತ್ತಲೇ ತೂಕಡಿಸುತ್ತೇನೆಂದೂ ಇದು ವಂಶದಿಂದ ಬಂದದ್ದೆಂದೂ ಬರೆದಿದ್ದೆ. ಅಜ್ಜ ತನ್ನ ಮದುವೆಗೆ ಹೊರಟ ಚಕ್ಕಡಿಯಲ್ಲೇ ಮಲಗಿಬಿಟ್ಟ, ಎತ್ತುಗಳು ಅವನನ್ನು ಸುಮ್ಮನೆ ಮನೆಗೆ ತಿರುಗಿ ತಂದವು ಎಂಬ ಭಾಗ ನನಗೇ ಬಹಳ ಹಿಡಿಸಿತ್ತು.

ಅದೇ ವರ್ಷದ ದೀಪಾವಳಿಯ ಹೊತ್ತಿಗೆ ಕಲಘಟಗಿಯಿಂದ ಹುಡುಗನ ತಂದೆ ಶಿವಪ್ಪನವರು ಹೆಂಡತಿ ಗೌರವ್ವನವರೊಂದಿಗೆ ಬಂದರು. ಹುಡುಗ ಹುಡುಗಿ ಮೊದಲೇ ಒಪ್ಪಿದ್ದರು. ಹಿಂದೆ ಬಂದ ಸಂಬಂಧಗಳನ್ನು ಬೇಡವೆಂದಿದ್ದ ನನ್ನ ಮಗಳು ಶಾರದೆ, ಈ ಹುಡುಗನ ಹೆಸರೆತ್ತಿದರೆ ಸಾಕು, ಮುಖ ಕೆಂಪಾಗಿ ಒಳಗೆ ಹೋಗಿಬಿಡುತ್ತಿದ್ದಳು. ಹಿರಿಯರು ಕೂತು ಮಾತು ಮುಗಿಸುವುದಷ್ಟೇ ಉಳಿದಿತ್ತು. ಆದರೆ ಶಿವಪ್ಪನವರು ಅವಲಕ್ಕಿಯ ತಾಟನ್ನು ಮುಟ್ಟಲಿಲ್ಲ.

"ಮಾಸ್ತರ, ಒಂದು ಕೇಳತೇನಿ, ಸಿಟ್ಟಿಗೇಳಬ್ಯಾಡ್ರಿ. ಈ ನಿದ್ದಿ ಜಡ್ಡು ನಿಮ್ಮ ಮಗಳಿಗೂ ಐತೇನ್ರಿ?"

ಅವರು ನನ್ನ ಪ್ರಬಂಧ ಓದಿಕೊಂಡು ಬಂದಿದ್ದಾರೆಂದು ಆಗ ತಿಳಿಯಿತು. "ಅಯ್ಯ, ಅದು ಹಾಸ್ಯಕ್ಕ ಬರದದ್ದು ಬಿಡ್ರಿ! ನಮ್ಮ ಅಜ್ಜ ಹಂಗೇನೂ ಮಲಗಿದ್ದಿಲ್ಲ."

"ಅಂದ್ರ ಅಜ್ಜನ ಮ್ಯಾಲ ಸುಳ್ಳು ಬರದ್ರೇನ್ರಿ?"

ನಿಜವೆಂದರೆ ನಮ್ಮದು ರೋಗಿಷ್ಟರ ಮನೆತನ, ಸುಳ್ಳೆಂದರೆ ಸುಳ್ಳುಗಾರರ ಮನೆತನ. ಚಹಾ ತರುತ್ತಿದ್ದ ಶಾರದೆ ಒಳಬಾಗಿಲಲ್ಲೇ ನಿಂತುಬಿಟ್ಟಳು. ವಂಶ ಎಂದು ಬರೆಯುವಾಗ ನನಗೆ ಹಿಂದಿನವರಷ್ಟೇ ನೆನಪಾಗಿದ್ದರು. ಅದರಲ್ಲಿ ಇವಳೂ ಇದ್ದಳು.

ಗೌರವ್ವನವರು ಗಂಡನತ್ತ ತಿರುಗಿದರು. "ಅದನ್ನ ಓದಿದ ದಿನ ನೀವು ಏನು ಮಾಡಿದ್ರಿ, ಹೇಳ್ರಿ ಮಾಸ್ತರಿಗೆ."

"ಈಗ್ಯಾಕ ಅದು?" ಎಂದರು ಶಿವಪ್ಪನವರು.

"ನಾನ ಹೇಳತೇನಿ. ಎತ್ತು ತಿರುಗಿ ಮನಿಗೆ ಬಂದ್ವು ಅನ್ನೋದು ಓದಿ ಕಣ್ಣಾಗ ನೀರು ಬರೂಹಂಗ ನಕ್ರಿ. ಬಾಜೂ ಮನಿಯವ್ರನ್ನ ಕರದು ಓದಿ ಹೇಳಿದ್ರಿ. ಅವತ್ತ ಹಾಸ್ಯ ಇದ್ದದ್ದು, ಸಂಬಂಧದ ಮಾತು ಬಂದಕೂಡ್ಲೇ ಜಡ್ಡು ಆತೇನ್ರಿ?"

ಶಿವಪ್ಪನವರು ಗಂಭೀರವಾಗಿರಲು ನೋಡಿದರು, ಆಗಲಿಲ್ಲ. ಮೀಸೆಯ ಕೆಳಗಿಂದ ನಗು ಹೊರಬಿತ್ತು. "ಎತ್ತಿನ ಸುದ್ದಿ ಮಾತ್ರ ಅಗದಿ ಛಲೋ ಬರದೀರಿ ಬಿಡ್ರಿ," ಎಂದು ತಾಟು ಎಳೆದುಕೊಂಡರು. ಒಳಗೆ ಯಾರೋ ಉಸಿರು ಬಿಟ್ಟ ಸದ್ದು ಕೇಳಿಸಿತು. ನಾನೂ ಬಿಟ್ಟೆ.

ಅವರನ್ನು ಬಸ್ಸು ಹತ್ತಿಸಿ ಬಂದು ಕಟ್ಟೆಯ ಮೇಲೆ ಹಗುರಾಗಿ ಕೂತೆ. ಶಾರದೆ ಬಂದು ಪಕ್ಕದಲ್ಲಿ ಕೂತಳು. "ಅಪ್ಪಾ, ಲಗ್ನ ಆಗೂತನಾ ನಿನ್ನ ಬಗ್ಗೆ ಏನೂ ಬರೀಬ್ಯಾಡ."

ಒಪ್ಪಿಕೊಂಡೆ. ಪ್ರಬಂಧದಲ್ಲಿರುವ 'ನಾನು' ನನಗಿಂತ ಮೋಜಿನ ಮನುಷ್ಯ. ಬೀಗರು ಅವನನ್ನು ಓದಿಕೊಂಡು ಬಂದರು, ನನ್ನೊಡನೆ ಕೂತು ಅವಲಕ್ಕಿ ತಿಂದರು, ಹೆಣ್ಣು ತಂದುಕೊಂಡರು. ನಮ್ಮಿಬ್ಬರಲ್ಲಿ ಯಾರನ್ನು ಒಪ್ಪಿದರೋ, ನಾನು ಇಂದಿಗೂ ಕೇಳಿಲ್ಲ.