ಕೇಳಿ ಪಡೆಯುವ ಟಿ.ಸಿ.

ಅಕ್ಕೋರ ಎಡಗೈಯಲ್ಲಿ ಬಳೆ ಇರುತ್ತಿರಲಿಲ್ಲ, ಕಪ್ಪು ರಬ್ಬರ್ ಬ್ಯಾಂಡುಗಳಿರುತ್ತಿದ್ದವು. ಜಡೆ ಬಿಚ್ಚಿದ ಹುಡುಗಿ ಕಂಡರೆ "ಬಾ ಇಲ್ಲಿ, ಕರಡಿಮರಿ" ಎಂದು ಎಳೆದು ನಿಲ್ಲಿಸಿ, ಹುಬ್ಬು ಮೇಲೇರುವಷ್ಟು ಬಿಗಿಯಾಗಿ ಕಟ್ಟುತ್ತಿದ್ದರು. ಸಿಹಿ ಮಾತಿನ ಹೆಂಗಸಲ್ಲ. ಮಕ್ಕಳು ಮೇಡಂ ಎನ್ನುತ್ತಿದ್ದರು. ನನ್ನ ಬಾಯಲ್ಲಿ ಟೀಚರಮ್ಮ ಎಂದರೆ ಅಕ್ಕೋರೇ.

ತಾಯಿ ಸತ್ತ ಮೊಮ್ಮಗಳನ್ನು ಓದಿಸುತ್ತಿದ್ದವಳು ನಾನು. ಎಂಟನೇ ಕ್ಲಾಸಿನಲ್ಲಿ ಹಿಂದಿನ ಬೆಂಚಿನ ಹುಡುಗ ಅವಳ ಜಡೆಯನ್ನು ಬೆಂಚಿಗೆ ಕಟ್ಟಿದ. ಇವಳು ಕಂಪಾಸ್ ಬಾಕ್ಸಿನಲ್ಲಿ ಬಾರಿಸಿದಳು. ಅವನ ಹಣೆ ಒಡೆಯಿತು. ಅವನಪ್ಪ ಶಾಲಾ ಸಮಿತಿಯ ಅಧ್ಯಕ್ಷ. ನನಗೆ ಕರೆ ಬಂತು.

ಹೆಡ್‌ಮಾಸ್ತರು ಕುರ್ಚಿ ಕೊಟ್ಟರು, ಚಾ ತರಿಸಿದರು.

"ನಾವು ಯಾರನ್ನೂ ಹೊರಗೆ ಹಾಕೋ ಹಂಗಿಲ್ಲ ಅಮ್ಮಾ, ಕಾನೂನಿಲ್ಲ. ನೀವೇ ಟಿ.ಸಿ. ಕೇಳಿ, ಕೊಡ್ತೀವಿ."

ನಾನು ಓದಿದ್ದು ಮೂರನೇ ಕ್ಲಾಸು. ಕೇಳಿ ಎಂದರೆ ಕೇಳಲೇಬೇಕೇನೋ ಎಂದು ಬಾಯಿ ತೆರೆದೆ. ಮೂಲೆಯಲ್ಲಿದ್ದ ಅಕ್ಕೋರು ಅಡ್ಡ ಬಂದರು.

"ಅಮ್ಮಾ, ನಿಮಗೆ ಟಿ.ಸಿ. ಬೇಕಾ?"

"ಎಂತಕ್ಕೆ? ಹತ್ರ ಬೇರೆ ಶಾಲೆ ಎಲ್ಲೈತೆ? ಇಲ್ಲಿ ಬಿಟ್ರೆ ಅವಳ ಓದು ಮುಗೀತು. ಬ್ಯಾಡ."

"ಬ್ಯಾಡಂತೆ ಸಾರ್. ನೀವು ಚಾ ಕುಡೀರಿ ಅಮ್ಮಾ, ಆರಿ ಹೋಗ್ತದೆ."

ಹೊರಗೆ ಬಂದು ಮೊಮ್ಮಗಳಿಗೆ ಚೆನ್ನಾಗಿ ಬೈದರು. "ಹೊಡೆದಿದ್ದು ತಪ್ಪು. ಒಂದು ವಾರ ಅಂಗಳ ಗುಡಿಸು. ಅವನೂ ಗುಡಿಸ್ತಾನೆ." ಇಬ್ಬರೂ ಗುಡಿಸಿದರು. ಮಗನ ಕೈಯಲ್ಲಿ ಪೊರಕೆ ನೋಡಿ ಅಧ್ಯಕ್ಷರಿಗೆ ಉರಿಯಿತು.

ಮೊಮ್ಮಗಳು ಉಳಿದಳು, ಅಕ್ಕೋರು ಹೋದರು. ಹಿನ್ನೀರಿನಾಚೆಯ ಶಾಲೆಗೆ ನಿಯೋಜನೆಯಂತೆ. ಲಾಂಚ್ ಇಳಿದು ಕಾಡುದಾರಿ ನಡೆಯಬೇಕು. ಸಾಗರದ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಾಗ ಕೇಳಿದೆ:

"ನಿಮ್ಮನ್ನೇ ಹೊರಗೆ ಹಾಕಿದ್ರಾ ಅಕ್ಕೋರೇ?"

"ಛೆ, ಹಂಗೆಲ್ಲ ಹಾಕೋ ಹಂಗಿಲ್ಲ. ನಾನೇ ಕೇಳ್ಕೊಂಡಿದ್ದಂತೆ" ಎಂದು ನಕ್ಕರು. ಆ ನಗು ನೋಡಲಿಕ್ಕಾಗಲಿಲ್ಲ.

ಮುಂದಿನ ಬೇಸಿಗೆಯಲ್ಲಿ ಆ ಕಾಡಿನಲ್ಲಿ ಮಂಗಗಳು ಸತ್ತವು. ದಾರಿಯಲ್ಲಿ ಉಣುಗು ಹುಳ ಕಚ್ಚಿ ಅಕ್ಕೋರಿಗೂ ಮಂಗನ ಕಾಯಿಲೆ ಹತ್ತಿತು. ಆಸ್ಪತ್ರೆಯಿಂದ ಹೆಣ ಬಂತು.

ನಮ್ಮ ಶಾಲೆಯಲ್ಲಿ ಸಂತಾಪ ಸಭೆ ಮಾಡಿದರು. ಅಧ್ಯಕ್ಷರು ಫೋಟೋಕ್ಕೆ ಹಾರ ಹಾಕಿದರು. "ಕುಗ್ರಾಮದ ಮಕ್ಕಳ ಸೇವೆಯನ್ನು ತಾವಾಗಿಯೇ ಆರಿಸಿಕೊಂಡ ತ್ಯಾಗಮಯಿ" ಎಂದರು ಹೆಡ್‌ಮಾಸ್ತರು. ಮೊಮ್ಮಗಳು ನನ್ನ ಸೆರಗು ಹಿಡಿದು ಅಳುತ್ತಿದ್ದಳು. ಮೌನಾಚರಣೆ ಎಂದಾಗ ಎಲ್ಲರೂ ಎದ್ದು ನಿಂತರು. ನಾನು ಏಳಲಿಲ್ಲ.

"ಮಂಡಿ ನೋವಾ ಅಜ್ಜಿ?" ಪಕ್ಕದ ಹೆಂಗಸು ಪಿಸುಗುಟ್ಟಿದಳು.

"ಮಂಡಿಗೇನಾಗೈತೆ? ಗಟ್ಟಿಯಾಗೇ ಐತೆ" ಎಂದೆ. ಯಾರೂ ಮಾತಾಡದ ಹೊತ್ತು, ವೇದಿಕೆಯವರೆಗೂ ಕೇಳಿತು.